ಪ್ರಸಂಗದ ನಾಯಕ: ನ್ಯೂಟ್ ಸ್ಕಮ್ಯಾಂಡರ್ ಮತ್ತು ಘಟೋತ್ಕಚ

ಹ್ಯಾರಿ ಪಾಟರ್ ಸರಣಿಯಿಂದ ಕವಲೊಡೆದ ‘ಫೆಂಟಾಸ್ಟಿಕ್ ಬೀಸ್ಟ್ಸ್’ ಚಿತ್ರಗಳ (2016, 2018, 2022) ಬಗ್ಗೆ ಮಾತಾಡ್ತೇನೆ. ಇಂಥವಕ್ಕೆ ಸ್ಪಿನ್-ಆಫ್ ಅಂತಾರೆ. ನಮಗಿದು ಹೊಸದಲ್ಲ. ಭಾರತದ ಒಂದೇ ಎಳೆ ಹಿಡಿದು ಬೆಳಗಿನ ತನಕ ಆಡುವ ಬಯಲಾಟವೂ ಇದೇ ಜಾತಿಯದು. ದೊಡ್ಡ ಕಥೆಯ ನೆರಳಲ್ಲಿ ಪ್ರಸಂಗವೊಂದು ತನ್ನ ಬಲದಲ್ಲೇ ನಿಲ್ಲುವುದು ಹೇಗೆ ಎಂಬುದು ನನ್ನ ಪ್ರಶ್ನೆ.

ಹ್ಯಾರಿ ಮಂತ್ರವಿದ್ಯೆ ಕಲಿಯುವ ಹುಡುಗ. ‘ನಾನು ಯಾರು’ ಅನ್ನೋದು ಅವನ ಹುಡುಕಾಟ. ನ್ಯೂಟ್ ಹಾಗಲ್ಲ, ವಿಚಿತ್ರ ಪ್ರಾಣಿಗಳ ಆರೈಕೆಯನ್ನೇ ಕಸುಬು ಮಾಡಿಕೊಂಡ ವಯಸ್ಕ. ಕಲಿತದ್ದನ್ನು ಯಾರಿಗಾಗಿ ಬಳಸಬೇಕು ಅನ್ನೋದು ಅವನ ಪ್ರಶ್ನೆ. ಮೊದಲ ಚಿತ್ರದಲ್ಲಿ, 1926ರ ನ್ಯೂಯಾರ್ಕಿನಲ್ಲಿ, ಅದುಮಿಟ್ಟ ಶಕ್ತಿಯೇ ವಿನಾಶವಾಗಿ ಸಿಡಿಯುವ ಕ್ರೀಡೆನ್ಸ್‌ನನ್ನು ಅಧಿಕಾರಿಗಳು ಹೊಡೆದುರುಳಿಸುತ್ತಾರೆ. ನ್ಯೂಟ್ ಅವನನ್ನು ಮೆಲ್ಲಗೆ ಮಾತಾಡಿಸಲು ನೋಡುತ್ತಾನೆ, ಗಾಯಗೊಂಡ ಪ್ರಾಣಿಯನ್ನು ಸಮೀಪಿಸುವ ಹಾಗೆ. ಇಡೀ ಸರಣಿಯ ಜೀವ ಇಲ್ಲಿದೆ.

ಮುಂದಿನ ಎರಡು ಚಿತ್ರಗಳಲ್ಲಿ ಗ್ರಿಂಡೆಲ್ವಾಲ್ಡ್ ಮತ್ತು ಡಂಬಲ್‌ಡೋರ್ ಹಗೆತನವೇ ಹಿಗ್ಗುತ್ತದೆ. ನ್ಯೂಟ್ ತನ್ನ ಕಥೆಯಲ್ಲೇ ಓಡಾಳಾಗುತ್ತಾನೆ. ಮೂರನೆಯದರಲ್ಲಿ ಚಿಲಿನ್ ಎಂಬ ಪ್ರಾಣಿಗೆ ಮುಖ್ಯ ಪಾತ್ರವಿದೆಯಲ್ಲ ಅನ್ನಬಹುದು. ಇದೆ, ಆದರೆ ಆರೈಕೆಗೆ ಕಾದ ಜೀವವಾಗಿ ಕಡಿಮೆ, ನಾಯಕನನ್ನು ಆರಿಸುವ ಸಾಧನವಾಗಿ ಹೆಚ್ಚು.

ಇದರ ಪಕ್ಕದಲ್ಲಿ ಕೆ.ವಿ. ರೆಡ್ಡಿಯವರ ‘ಮಾಯಾಬಜಾರ್’ (1957) ಇಟ್ಟು ನೋಡೋಣ. ಶಶಿರೇಖೆಯ ಮದುವೆ ವ್ಯಾಸಭಾರತದಲ್ಲಿಲ್ಲ, ಅದೂ ಕವಲುಕಥೆಯೇ. ಅಲ್ಲಿ ಪಾಂಡವರು ತೆರೆಗೇ ಬರುವುದಿಲ್ಲ. ಎಸ್.ವಿ. ರಂಗರಾವ್ ಅವರ ಘಟೋತ್ಕಚನೂ ಕೃಷ್ಣನ ಸೂಚನೆಯಂತೆಯೇ ನಡೆಯುವವನು, ನಿಜ. ಆದರೆ ಅವನ ಮಾಯೆಗೆ ಸಿಕ್ಕಿರುವ ಕೆಲಸ ಒಂದು ಮನೆಯ ಮದುವೆ. ಶಶಿರೇಖೆಯ ರೂಪ ತಾಳಿ ಲಕ್ಷ್ಮಣಕುಮಾರನನ್ನು ಕಾಡುತ್ತಾನೆ, ಬೀಗರ ಅಡುಗೆಯನ್ನು ಒಬ್ಬನೇ ಉಂಡು ಮುಗಿಸುತ್ತಾನೆ. ಕುರುಕ್ಷೇತ್ರದಲ್ಲಿ ಅವನಿಗೆ ಸಾವಿದೆ ಅಂತ ನಮಗೆಲ್ಲ ಗೊತ್ತು. ಚಿತ್ರ ಆ ಯುದ್ಧವನ್ನು ಹೊಸ್ತಿಲಾಚೆಯೇ ನಿಲ್ಲಿಸುತ್ತದೆ. ಪ್ರಸಂಗ ಗೆಲ್ಲುವುದು ಅಲ್ಲಿ.

ಈ ಮಾತು ಆದೋನಿಯಲ್ಲಿ ಕೂತು ಕನ್ನಡ ಓದುವವರಿಗೂ ತಟ್ಟಬೇಕು. 1953ರಲ್ಲಿ ಬಳ್ಳಾರಿ ಜಿಲ್ಲೆ ಒಡೆದು ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಅಂದಿನಿಂದ ಇಲ್ಲಿಯ ಕನ್ನಡದ ಮಾತು ಬಂದರೆ ಗಡಿವಿವಾದದ ದೊಡ್ಡ ಕಥೆಯೇ ಮೊದಲು ಬರುತ್ತದೆ. ಇಲ್ಲಿಯ ಹಾಡು, ಆಟ, ಮನೆಮಾತು ಅದಕ್ಕೆ ಬರೀ ಪುರಾವೆಯಾಗಿ ಉಳಿದರೆ ನ್ಯೂಟ್‌ಗೆ ಆದದ್ದೇ ಅವಕ್ಕೂ ಆಗುತ್ತದೆ. ಅವನ್ನು ಅವುಗಳ ಕೆಲಸದಿಂದಲೇ ಓದುವ ವಿಮರ್ಶೆ ನಮಗೆ ಬೇಕು.