ಬಾಗಿಲ ಕಂಬದ ಮೇಲಿನ ಹೆಸರುಗಳು

ಕಾವ್ಯವನ್ನೂ ಕಾದಂಬರಿಯನ್ನೂ ವಿಮರ್ಶಿಸುವ ನಾವು ಊರ ನಡುವೆ ನಿಂತ ಸ್ಮಾರಕದ ಬರಹವನ್ನು ಸಾಹಿತ್ಯವೆಂದು ಎಣಿಸುವುದಿಲ್ಲ. ಆದರೆ ತರಗತಿಯಲ್ಲಿ ಶಾಸನಗಳ ಪಾಠ ಹೇಳುವ ನನ್ನಂಥವನಿಗೆ, ಕಲ್ಲಿನ ಮೇಲೆ ಏನನ್ನು ಬರೆದರು, ಏನನ್ನು ಬಿಟ್ಟರು ಎಂಬುದು ಪದ್ಯದ ಪಾಠಾಂತರದಷ್ಟೇ ಮುಖ್ಯವಾದ ಪ್ರಶ್ನೆ. ಆಸ್ಟ್ರೇಲಿಯದ ಇತಿಹಾಸಕಾರ ಕೆನ್ ಇಂಗ್ಲಿಸ್ ೧೯೯೮ರಲ್ಲಿ ಪ್ರಕಟಿಸಿದ ‘ಸೇಕ್ರೆಡ್ ಪ್ಲೇಸಸ್’ ಎಂಬ ಗ್ರಂಥ ಈ ಪ್ರಶ್ನೆಯನ್ನು ನನ್ನಲ್ಲಿ ಮತ್ತೆ ಕೆದಕಿತು. ಯುದ್ಧಸ್ಮಾರಕಗಳನ್ನು ಕುರಿತ ಆ ದೊಡ್ಡ ಪುಸ್ತಕದ ವಿಷಯಗಳಲ್ಲಿ ತೀರ ಚಿಕ್ಕದೊಂದನ್ನು, ಹಳ್ಳಿಗಾಡಿನ ಸ್ಮಾರಕದ್ವಾರವನ್ನು, ಇಲ್ಲಿ ಪರಿಶೀಲಿಸುತ್ತೇನೆ.

ದ್ವಾರವೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ೧೯೩೧ರಲ್ಲಿ ಉದ್ಘಾಟನೆಯಾದ ದೆಹಲಿಯ ಇಂಡಿಯಾ ಗೇಟ್. ಹಳ್ಳಿಯ ದ್ವಾರದಲ್ಲಿ ಆ ಭವ್ಯತೆ ಇಲ್ಲ. ಎರಡು ಕಂಬ, ನಡುವೆ ಕಬ್ಬಿಣದ ಕದ, ಕಂಬದ ಮೇಲೆ ಅಮೃತಶಿಲೆಯ ಅಥವಾ ಕಂಚಿನ ಫಲಕ, ಅದರಲ್ಲಿ ಹತ್ತಿಪ್ಪತ್ತು ಹೆಸರು, ಅಷ್ಟೇ. ಕ್ವೀನ್ಸ್‌ಲೆಂಡಿನ ಬೆಟ್ಟದ ಮೇಲಿನ ಮಾಂಟ್‌ವಿಲ್ ಎಂಬ ಪುಟ್ಟ ಊರಿನಲ್ಲಿ ೧೯೨೧ರ ಇಂಥ ದ್ವಾರವಿದೆ. ನ್ಯೂಜಿಲೆಂಡಿನಲ್ಲಿ ಇಂಥವು ಶಾಲೆಗೋ ಆಟದ ಬಯಲಿಗೋ ಬಾಗಿಲಾಗಿ ನಿಂತಿರುವುದುಂಟು. ಯುದ್ಧ ಮುಗಿದಾಗ ಊರೂರಿನಲ್ಲೂ ಒಂದು ವಾದ ಎದ್ದಿತ್ತು: ಸತ್ತವರ ನೆನಪಿಗೆ ಸ್ತಂಭ ನಿಲ್ಲಿಸುವುದೋ, ಬದುಕಿದವರಿಗೆ ಉಪಯೋಗವಾಗುವ ಭವನವನ್ನು ಕಟ್ಟುವುದೋ? ಬಾಗಿಲು ಈ ಎರಡಕ್ಕೂ ನಡುವಣ ದಾರಿ. ಬಡ ಊರಿನ ಕೈಗೂ ಎಟಕುವಂಥದು.

ಇದರ ಹಿಂದಿನ ದುಃಖವನ್ನು ಮರೆಯಬಾರದು. ಸತ್ತ ಸೈನಿಕರ ದೇಹಗಳನ್ನು ಮನೆಗೆ ತರಕೂಡದೆಂಬುದು ಬ್ರಿಟಿಷ್ ಸಾಮ್ರಾಜ್ಯದ ಆಗಿನ ನಿಯಮ. ಗಲ್ಲಿಪೊಲಿಯಲ್ಲೋ ಫ್ರಾನ್ಸಿನಲ್ಲೋ ಮಣ್ಣಾದ ಮಗನ ಗೋರಿಯನ್ನು ಹತ್ತು ಸಾವಿರ ಮೈಲಿಯಾಚೆಯ ರೈತನ ಹೆಂಡತಿ ಕಾಣುವುದೆಂದು? ಅವಳ ಪಾಲಿಗೆ ಕಂಬದ ಮೇಲಿನ ಹೆಸರೇ ಗೋರಿ.

ಆ ಪಟ್ಟಿಯಲ್ಲಿ ಯಾರಿದ್ದಾರೆ ಎಂಬುದು ಮುಂದಿನ ಪ್ರಶ್ನೆ. ನ್ಯೂಜಿಲೆಂಡಿನ ಫಲಕಗಳಲ್ಲಿ ಸಾಮಾನ್ಯವಾಗಿ ಮಡಿದವರ ಹೆಸರು ಮಾತ್ರ. ಆಸ್ಟ್ರೇಲಿಯದಲ್ಲಾದರೋ ತಿರುಗಿ ಬಂದವರ ಹೆಸರೂ ಮತ್ತೆ ಮತ್ತೆ ಕಾಣುತ್ತದೆ. ಕಾರಣವನ್ನು ಇಂಗ್ಲಿಸ್ ಚೆನ್ನಾಗಿ ಗುರುತಿಸಿದ್ದಾರೆ. ಕಡ್ಡಾಯ ಸೈನ್ಯಸೇವೆಯನ್ನು ಆಸ್ಟ್ರೇಲಿಯದ ಮತದಾರರು ೧೯೧೬ರಲ್ಲೂ ೧೯೧೭ರಲ್ಲೂ ತಿರಸ್ಕರಿಸಿದರು. ಹೋದವರೆಲ್ಲ ಸ್ವಇಚ್ಛೆಯಿಂದ ಹೋದವರು. ನ್ಯೂಜಿಲೆಂಡ್ ೧೯೧೬ರಲ್ಲೇ ಕಡ್ಡಾಯವನ್ನು ಜಾರಿಗೆ ತಂದಿತು. ಹೋದವರ ಹೆಸರನ್ನು ಕೆತ್ತಿದಾಗ, ಹೋಗದವರ ಹೆಸರಿನ ಗೈರುಹಾಜರಿಯೂ ಕೆತ್ತಿದಂತೆಯೇ. ನಿತ್ಯ ಆ ಬಾಗಿಲನ್ನು ದಾಟುವ ನೆರೆಯವನಿಗೆ ಅದು ಮೌನವಾದ ಆಕ್ಷೇಪಣೆ. ಸರಳವೆಂದು ತೋರುವ ಪಟ್ಟಿಯೊಳಗೆ ಇಷ್ಟು ಧ್ವನಿ ಇದೆ.

ಇಂಗ್ಲಿಸ್ ಅವರೊಡನೆ ನನ್ನ ಭಿನ್ನಾಭಿಪ್ರಾಯ ಅವರ ಶೀರ್ಷಿಕೆಯ ವಿಷಯದಲ್ಲಿ. ‘ಪವಿತ್ರ ಸ್ಥಳ’ ಎಂಬ ಮಾತು ಸ್ತಂಭಕ್ಕೆ ಸಲ್ಲುತ್ತದೆ, ಬಾಗಿಲಿಗೆ ಸಲ್ಲದು. ಗುಡಿಯ ಮುಂದೆ ನಿಲ್ಲುತ್ತೇವೆ, ಬಾಗಿಲನ್ನು ದಾಟುತ್ತೇವೆ. ಚೆಂಡು ಹಿಡಿದ ಹುಡುಗ ಓದದೆಯೇ ಆ ಹೆಸರುಗಳ ನಡುವೆ ಓಡಿಹೋಗುತ್ತಾನೆ. ಇದು ಅಗೌರವವಲ್ಲ, ಈ ಪ್ರಕಾರದ ಗುಣವೇ ಅದು. ಹಾಗೆಯೇ ಅದರ ಕರುಣವೂ ಅಲ್ಲಿಯೇ ಇದೆ. ನ್ಯೂಜಿಲೆಂಡಿನ ಹಳ್ಳಿಶಾಲೆಗಳು ಮಕ್ಕಳಿಲ್ಲದೆ ಮುಚ್ಚಿಹೋದ ಕಡೆ ದ್ವಾರಗಳು ಉಳಿದಿರುವುದುಂಟು. ಹಿಂದೆ ಶಾಲೆಯಿಲ್ಲದ ಬಾಗಿಲು ಯಾರನ್ನು ಒಳಗೆ ಕರೆಯಬೇಕು?

ದೋಷವೂ ಇಲ್ಲದಿಲ್ಲ. ಫಲಕದ ಭಾಷೆ ‘ತ್ಯಾಗ’, ‘ಕೀರ್ತಿ’ಗಳ ಭಾಷೆ. ಒಬ್ಬ ಗುಂಡಿಗೆ ಸತ್ತನೋ ಜ್ವರಕ್ಕೆ ಸತ್ತನೋ ತಿಳಿಯದು. ಎಲ್ಲರ ಸಾವನ್ನೂ ಒಂದೇ ಎರಕಕ್ಕೆ ಸುರಿದ ಗದ್ಯವದು.

ಆದರೂ ಹೆಸರಾದರೂ ಉಂಟು. ಅದೇ ಯುದ್ಧಕ್ಕಾಗಿ ನಮ್ಮ ದೇಶದ ಹಳ್ಳಿಗಳಲ್ಲಿ ಬ್ರಿಟಿಷ್ ಸರ್ಕಾರ ನೆಟ್ಟ ಫಲಕಗಳ ಮಾದರಿಯನ್ನು ನೋಡಿ: ಈ ಹಳ್ಳಿಯಿಂದ ಇಷ್ಟು ಮಂದಿ ಹೋದರು, ಇಷ್ಟು ಮಂದಿ ಪ್ರಾಣ ಕೊಟ್ಟರು. ಅಂಕಿ ಉಂಟು, ಹೆಸರಿಲ್ಲ. ಈಗ ಪಾಕಿಸ್ತಾನದಲ್ಲಿರುವ ಪಂಜಾಬಿನ ದುಲ್ಮಿಯಾಲ್ ಹಳ್ಳಿಯಿಂದ ೪೬೦ ಮಂದಿ ಹೋದರು. ೧೯೨೫ರಲ್ಲಿ ಆ ಊರಿಗೆ ಬಹುಮಾನವಾಗಿ ಬಂದದ್ದು ಒಂದು ತೋಪು! ಆ ಯುದ್ಧದಲ್ಲಿ ಮಡಿದ ಭಾರತೀಯರು ಸುಮಾರು ೭೪,೦೦೦. ಇಂಡಿಯಾ ಗೇಟಿನ ಮೇಲಿರುವ ಹೆಸರುಗಳು ಹದಿಮೂರು ಸಾವಿರಕ್ಕೆ ತುಸು ಹೆಚ್ಚು. ಅವುಗಳಲ್ಲಿ ಬ್ರಿಟಿಷರವೂ ಸೇರಿವೆ.

ಈ ಅಂಕಿಯ ಫಲಕ ನಮ್ಮ ಸಂಪ್ರದಾಯವಲ್ಲವೆಂದು ಕನ್ನಡ ವಾಚಕರಿಗೆ ನೆನಪಿಸಬೇಕಾಗಿಲ್ಲ. ನಮ್ಮ ವೀರಗಲ್ಲು ತುರುಗೋಳಿನಲ್ಲಿ ಬಿದ್ದ ಸಾಮಾನ್ಯನ ಹೆಸರನ್ನೂ, ಅವನು ಬಿದ್ದ ಕಾರಣವನ್ನೂ ಹೇಳಬಲ್ಲದು. ಹತ್ತನೆಯ ಶತಮಾನದ ಆತಕೂರಿನ ಕಲ್ಲು ಇನ್ನೂ ಮುಂದೆ ಹೋಗುತ್ತದೆ. ಕಾಡುಹಂದಿಯೊಡನೆ ಹೋರಾಡಿ ಸತ್ತ ನಾಯಿಯ ಹೆಸರು ಕಾಳಿ ಎಂಬುದನ್ನು ಅದು ಇಂದಿಗೂ ಉಳಿಸಿಕೊಂಡಿದೆ. ಒಂದು ನಾಯಿಗೆ ಆತಕೂರು ಸಲ್ಲಿಸಿದ ಮರ್ಯಾದೆಯನ್ನು ಸಾಮ್ರಾಜ್ಯವೊಂದು ತನಗಾಗಿ ಸತ್ತ ಹಳ್ಳಿಗನಿಗೆ ಅವನ ಊರಿನಲ್ಲಿ ಸಲ್ಲಿಸಲಿಲ್ಲ.

ಸ್ಮಾರಕದ ಬೆಲೆ ಅದರ ಎತ್ತರದಲ್ಲಿಲ್ಲ. ಬಿದ್ದವನನ್ನು ಅದು ಹೆಸರು ಹಿಡಿದು ಕರೆಯುತ್ತದೆಯೇ ಎಂದು ಕೇಳಬೇಕು. ಹಳ್ಳಿಯ ಆ ಎರಡು ಕಂಬಗಳು ತಮ್ಮ ಕುಂದುಗಳೊಡನೆಯೂ ಈ ಪರೀಕ್ಷೆಯಲ್ಲಿ ಗೆಲ್ಲುತ್ತವೆ.