ಮುದ್ರಾರಾಕ್ಷಸದಲ್ಲಿ ಪರಚಕ್ರಭೀತಿ

ವಿಶಾಖದತ್ತಕವಿಯ 'ಮುದ್ರಾರಾಕ್ಷಸ'ದಲ್ಲಿ ಶೃಂಗಾರಕ್ಕೆ ಎಡೆಯಿಲ್ಲವೆಂಬುದು ಪಂಡಿತರಿಗೆಲ್ಲ ವಿದಿತವಾದುದೇ. ರಂಗದ ಮೇಲೆ ಯುದ್ಧವೂ ಇಲ್ಲವೆಂಬುದು ಅದಕ್ಕಿಂತಲೂ ವಿಚಾರಾರ್ಹವಾದ ಸಂಗತಿ. ಏಳು ಅಂಕಗಳ ಆ ನಾಟಕವನ್ನು ನಡೆಯಿಸುವುದು ಪರಚಕ್ರವು ಮೇಲೇರಿ ಬಂದೀತೆಂಬ ಭೀತಿ.

ಈ ಭೀತಿಯು ಉಭಯಪಕ್ಷಕ್ಕೂ ಸಮಾನ. ಮಲಯಕೇತುವು ದಂಡೆತ್ತಿ ಬರಲಿರುವನೆಂದು ಹೇಳಿ ಚಾಣಕ್ಯನು ಪಾಟಲೀಪುತ್ರದ ಕೌಮುದೀಮಹೋತ್ಸವವನ್ನೇ ನಿಲ್ಲಿಸುತ್ತಾನೆ. ಆ ನಿಷೇಧವು ಕೃತಕಕಲಹದ ಅಂಗವಾದರೂ ಹೇಳಿದ ಕಾರಣವು ಸುಳ್ಳಲ್ಲ. ಅತ್ತ ಮಲಯಕೇತುವಿಗೆ ಐವರು ರಾಜರ ಬೆಂಬಲವಿದೆ. ತಂದೆಯಂತೆ ತಾನೂ ವಂಚಿತನಾದೇನೆಂಬ ಶಂಕೆಯೂ ಇದೆ. ರಾಕ್ಷಸನ ಮುದ್ರೆಯುಳ್ಳ ಕಪಟಲೇಖವೊಂದು ಕೈಸೇರಿದೊಡನೆ ಆ ಐವರನ್ನೂ ತಾನೇ ಕೊಲ್ಲಿಸುತ್ತಾನೆ. ಭಯವು ಕಟ್ಟಿದ ಕೂಟವನ್ನು ಭಯವೇ ಒಡೆಯಿತು.

ಇದನ್ನು ಕವಿಕಲ್ಪನೆಯೆಂದು ತಳ್ಳುವಂತಿಲ್ಲ. ಕೆಂಚಾರ್ಲಹಳ್ಳಿಯ ಸೀಮೆಗೆ ಪಡುವಲಿರುವ ನಂದಿದುರ್ಗವೇ ಸಾಕ್ಷಿ. ಸುತ್ತಣ ಶತ್ರುಗಳಿಗೆ ಅಂಜಿ ಟಿಪ್ಪುಸುಲ್ತಾನನು ಫ್ರೆಂಚರ ಮತ್ತು ತುರ್ಕಿಯ ನೆರವನ್ನು ಅರಸಿದನು. ಫ್ರೆಂಚರ ಹೆಸರು ಕೇಳಿ ಇಂಗ್ಲಿಷರು ಅಂಜಿದರು. 1789ರಲ್ಲಿ ಸುಲ್ತಾನನು ತಿರುವಾಂಕೂರಿನ ಗಡಿಕೋಟೆಯ ಮೇಲೆ ಬಿದ್ದನು. 1790ರಲ್ಲಿ ಇಂಗ್ಲಿಷ್ ಕಂಪೆನಿ, ನಿಜಾಮ, ಪೇಶ್ವೆ ಈ ಮೂವರೂ ಒಂದಾದರು. 1791ರ ಅಕ್ಟೋಬರಿನಲ್ಲಿ ನಂದಿದುರ್ಗವು ಇಂಗ್ಲಿಷರ ವಶವಾಯಿತು. 1792ರ ಒಪ್ಪಂದದಂತೆ ಸುಲ್ತಾನನು ಅರ್ಧರಾಜ್ಯವನ್ನು ಬಿಟ್ಟು, ಇಬ್ಬರು ಮಕ್ಕಳನ್ನು ಒತ್ತೆಯಿಟ್ಟನು. ಅಲ್ಲಿಗೆ ಭಯವು ಶಮಿಸಿತೆ? ಏಳೇ ವರ್ಷಗಳಲ್ಲಿ ಮತ್ತೆ ಯುದ್ಧವಾಗಿ, 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದಿತು. ಕೆಂಪುನಾರಾಯಣನು 1823ರಲ್ಲಿ ಈ ಕಥೆಯನ್ನು 'ಮುದ್ರಾಮಂಜೂಷ'ವೆಂದು ಕನ್ನಡ ಗದ್ಯಕ್ಕೆ ತಂದಾಗ, ಮೈಸೂರಿನ ಹಿರಿಯರಿಗೆ ಅದು ಕೇವಲ ದೂರದ ಮಗಧದ ವಾರ್ತೆಯಾಗಿ ಕೇಳಿಸಿರಲಾರದು.

ಇಪ್ಪತ್ತನೆಯ ಶತಮಾನದಲ್ಲಿ ಇದೇ ಕಥೆಯು ಭೂಮಂಡಲವನ್ನೇ ವ್ಯಾಪಿಸಿತು. 1949ರಲ್ಲಿ ನ್ಯಾಟೋ ಕೂಟವೂ 1955ರಲ್ಲಿ ವಾರ್ಸಾ ಕೂಟವೂ ಹುಟ್ಟಿದವು. ತನ್ನ ಆಯುಧವು ರಕ್ಷಣೆಗೆ, ಎದುರಾಳಿಯದು ಆಕ್ರಮಣಕ್ಕೆ ಎಂದು ಒಂದೊಂದು ಕೂಟವೂ ಸಾರಿತು. 1991ರಲ್ಲಿ ವಾರ್ಸಾ ಕೂಟವು ಕರಗಿತು; ಶಂಕೆಯು ಮಾತ್ರ ಕರಗಲಿಲ್ಲ.

ವಿಶಾಖದತ್ತನ ಹಿರಿಮೆಯು ತೋರುವುದು ಇಲ್ಲಿಯೇ. ಗೆದ್ದ ಚಾಣಕ್ಯನು ಸೋತ ರಾಕ್ಷಸನಿಗೆ ಅಮಾತ್ಯಪದವಿಯನ್ನು ಕೊಡಿಸುತ್ತಾನೆ. ರಾಕ್ಷಸನ ಮಾತಿನಂತೆ ಮಲಯಕೇತುವಿಗೆ ಪಿತ್ರಾರ್ಜಿತ ರಾಜ್ಯವು ಮರಳುತ್ತದೆ. ವೈರಿಗೆ ಅಂಜಲು ಕಾರಣವನ್ನು ಉಳಿಸದಿರುವುದೇ ನಿಜವಾದ ಸಂಧಿ. 1792ರ ಒಪ್ಪಂದದಲ್ಲಿ ಇಲ್ಲದಿದ್ದುದು ಇದೇ.

ಆದರೂ ಕೃತಿಯಲ್ಲಿ ಒಂದು ಕೊರತೆಯನ್ನು ಹೇಳಲೇಬೇಕು. ನಿರಪರಾಧಿಗಳಾಗಿ ಸತ್ತ ಆ ಐವರು ರಾಜರಿಗಾಗಿ ರಾಕ್ಷಸನು ಒಂದು ಮರುಕದ ಮಾತನ್ನಾಡುತ್ತಾನೆ, ಅಷ್ಟೆ. ಕೊನೆಯ ಮಂಗಳದಲ್ಲಿ ಅವರ ಸ್ಮರಣೆಯಿಲ್ಲ. ದೊಡ್ಡವರ ಭಯಕ್ಕೆ ಬೆಲೆ ತೆತ್ತವರು ಚಿಕ್ಕವರು. ಕವಿಯೂ ಅವರನ್ನು ಮರೆತದ್ದು ವ್ಯಸನಕರ.