ಫೋಟೋದಲ್ಲೇ ನಾಣ್ಯ ಓದುವವರು

ಆನ್‌ಲೈನ್ ಹರಾಜಿಗೆ ಬಂದ ಕೊರಿಯಾದ ಹಳೆಯ ನಾಣ್ಯವನ್ನು ಬರೀ ಫೋಟೋದಲ್ಲಿ ನೋಡಿ ಅಸಲಿಯೋ ನಕಲಿಯೋ ಎಂದು ಶಂಕಿಸಬಲ್ಲ ಕಣ್ಣುಗಳಿಗೆ ನನ್ನ ಶರಣು. 1678ರಿಂದ ಎರಡು ಶತಮಾನ ಕೈಬದಲಾದ ‘ಸಾಂಗ್‌ಪ್ಯೊಂಗ್ ತೊಂಗ್‌ಬೊ’ ಚೌಕ ತೂತಿನ, ಎರಕ ಹೊಯ್ದ ನಾಣ್ಯ. ಮೈಮೇಲೆ ಸಣ್ಣ ಗುಳಿಗಳಿದ್ದರೆ ಸಹಜವೇ. ಅದೇ ಗುಳಿ 1892ರ ಐದು ಯಾಂಗ್ ಬೆಳ್ಳಿ ನಾಣ್ಯದಲ್ಲಿ ಕಂಡರೆ ಹುಬ್ಬು ಗಂಟಾಗುತ್ತದೆ. ಅದು ಯಂತ್ರ ಒತ್ತಿದ ನಾಣ್ಯ. ಸವೆತದ ಬಗೆಯಂತೂ ಸ್ವಾರಸ್ಯದ್ದು: ಬೆರಳು ಸವೆಸಿದರೆ ಈ ಬೆಳ್ಳಿ ನಾಣ್ಯದ ಮೇಲಿನ ಡ್ರ್ಯಾಗನ್ನಿನ ಉಬ್ಬು ಹುರುಪೆಗಳು ಮೊದಲು ನುಣುಪಾಗುತ್ತವೆ, ಸಂದುಗಳು ಚೂಪಾಗೇ ಉಳಿಯುತ್ತವೆ. ಕಳಪೆ ಎರಕದ ನಕಲಿಯಲ್ಲಿ ಸಂದೂ ಮಸುಕು. ಅಸಲಿಯ ತೂಕ ಸುಮಾರು 27 ಗ್ರಾಂ ಬರಬೇಕು. ತಕ್ಕಡಿಯ, ಅಂಚಿನ ಫೋಟೋ ಕೇಳಿದಾಗ ಮಾರುವವರು ಸಬೂಬು ಹೇಳಿದರೆ, ಎಷ್ಟೇ ಅಗ್ಗವಿರಲಿ, ಈ ಜನ ಹರಾಜು ಕೂಗುವುದಿಲ್ಲ.